ಗ್ಯಾಸು ತೀರಂಗಿಲ್ಲ

ಆಳಂದ ನಾಕಾದ ಹತ್ರ, ಬೇವಿನ ಗಿಡದ ಬುಡಕ,
ಶಾಬಾದ ಕಲ್ಲಿನ ಮ್ಯಾಲ ಗಾಡಿ ನಿಂದ್ರಿಸಿ
"ಉಸ್ತಾದ, ಎಸಿ ಗ್ಯಾಸ್ ಮುಗದದ, ಜರಾ ತುಂಬಿ ಬಿಡ್ರಿ" ಅಂದೆ.
ಚಾಂದಪಾಷಾ ಪಾನಾ ಕೆಳಗಿಟ್ಟು ನನ್ನ ಮಾರಿ ನೋಡಿದ.
"ಭೀಮಶಾ, ಇದೇನ್ ಪೆಟ್ರೋಲ್ ಅದಾ, ಸುಟ್ಟು ಹೋಗ್ಲಿಕ್ಕ?
ಗ್ಯಾಸು ತೀರಂಗಿಲ್ಲ.
ಕಡಿಮಿ ಆಗ್ಯದಂದ್ರ ಎಲ್ಲ್ಯರ ಹೊಂಟದ."

ಮೇ ತಿಂಗಳು. ಬಾನೆಟ್ ಮುಟ್ಟಿದ್ರ
ರೊಟ್ಟಿ ಹಂಚು ಮುಟ್ಟಿದಂಗ.
ಡ್ಯಾಶ್‌ಬೋರ್ಡಿನ ಕೆಳಗ ಕೈ ಹಾಕಿ ಫಿಲ್ಟರ್ ಎಳದ.
ಅದರ ಜೋಡಿ ಒಂದು ಇಲಿಗೂಡು ಬಂತು:
ತೊಗರಿ ಹೊಟ್ಟು, ಬೇವಿನ ಹೂವು, ದವಾಖಾನಿ ಹತ್ತಿ.
ಮುಂದ ಕಂಡೆನ್ಸರಿನ ಹಲ್ಲಿನ ಸಂದ್ಯಾಗ
ದಾಲ್ ಮಿಲ್ಲಿನ ಧೂಳು, ಮೂರು ವರ್ಷದ್ದು.
ನೀರು ಬಿಟ್ಟರ ಹಳದಿ ಹರೀತು.
ಬ್ಯಾಳಿ ತೊಳದ ನೀರಂತ ನಾಯಿ ಬಂದು ಮೂಸಿ
ಬ್ಯಾಸರಾಗಿ ಹೋತು.

ವಾರಕ್ಕ ಮೂರು ಸಲ ಸುಗಲಾಬಾಯಿ ನನ್ನ ಗಾಡ್ಯಾಗ
ಆಳಂದದಿಂದ ಕಲಬುರಗಿಗೆ, ರಕ್ತ ತೊಳಿಸ್ಕೊಳ್ಳಾಕ.
ತಾರ ಆಫೀಸಿನ್ಯಾಗ ಇಪ್ಪತ್ತೇಳು ವರ್ಷ
ಮಂದೀ ಸಾವು, ಹುಟ್ಟು ಶಬ್ದ ಎಣಿಸಿ ಕಳಿಸಿದಾಕಿ
ಮಾತಿಗೆ ಈಗೂ ರೊಕ್ಕ ಬೀಳ್ತದ ಅನ್ನೂಹಂಗ
ಸುಮ್ಮ ಕೂಡತಾಳ.
ಕಿಡಕಿಗೆ ಹಸಿ ಟವೆಲ್ಲು,
ತೊಡಿ ಮ್ಯಾಲ ಡಾಕ್ಟರು ಅಳದು ಕೊಟ್ಟ ನೀರಿನ ಬಾಟ್ಲಿ.
ಸೆಕಿ ಅಂತ ಒಂದ ದಿನ ಅಂದಾಕಿ ಅಲ್ಲ.
ತಡಕೊಳ್ಳಾಕ ಆಗ್ಲಾರದವ ನಾನು.

ಉಸ್ತಾದ ಸಾಬಾಣಿ ನೊರಿ ಹಚ್ಚಿಕೋತ ಹೊಂಟ,
ಪೈಪಿಗೆ, ಜಾಯಿಂಟಿಗೆ, ಮಗೂಗ ಎಣ್ಣಿ ಹಚ್ಚಿದಂಗ.
ಕಂಪ್ರೆಸರಿನ ಮಗ್ಗಲದಾಗ ಒಂದು ಗುಳ್ಳಿ,
ಸಾಸಿವಿ ಕಾಳಿನಷ್ಟು. ಬೆಳೀತು. ಒಡೀತು. ಮತ್ತ ಎದ್ದಿತು.
"ನೋಡು, ಇಲ್ಲಿ ಉಸರಾಡಲತ್ತದ."
ಹನ್ನೆರಡು ರೂಪಾಯಿ ರಬ್ಬರ್ ಬಳಿ, ಒಣಗಿ ಬಿರಕಬಿಟ್ಟಿತ್ತು.
"ಥಂಡಿ ದಿನದಾಗ ನೀ ಎಸಿ ಹಚ್ಚೇ ಇಲ್ಲ.
ಹಚ್ಚದಿದ್ರ ಎಣ್ಣಿ ತಿರಗಂಗಿಲ್ಲ, ರಬ್ಬರ್ ಸಾಯ್ತದ.
ಬೇಕಿರಲಿ ಬ್ಯಾಡಾಗಿರಲಿ, ವಾರಕ್ಕ ಹತ್ತು ಮಿನಿಟು."

ತುಂಬೂಕಿಂತ ಮೊದಲು ಖಾಲಿ ಮಾಡಬೇಕಂತ.
ನೀಲಿ ಪೈಪು, ಕೆಂಪು ಪೈಪು, ಪಂಪಿನ ಗರಗರ,
ಒಳಗ ನೀರಿನ ಪಸಿ ಸೈತ ಉಳೀಬಾರ್ದು.
ಮುಳ್ಳು ಸೊನ್ನಿಗಿಂತ ಕೆಳಗ ಇಳದು ಕುಂತಿತು.
ಪಂಪು ಬಂದ್ ಮಾಡಿ ಅರ್ಧ ತಾಸು ಬರೇ ನೋಡೂದು,
ಹಂದತದೋ ಇಲ್ಲೋ.
ಚಾ ಬಂತು. ಯಾರೂ ಮಾತಾಡ್ಲಿಲ್ಲ.
ಸುಗಲಾಬಾಯಿ ಮಲಗೂ ಕಡಿಗೂ ಎರಡ ಪೈಪು,
ಒಂದು ಹೋಗೂದು, ಒಂದು ಬರೂದು,
ಬಾಗಲ ಸಂದ್ಯಾಗಿಂದ ನೋಡೀನಿ.
ಹೇಳಬೇಕಂದೆ. ಚಾ ಕುಡದೆ.

ಮುಳ್ಳು ಹಂದಲಿಲ್ಲ.
ತಕ್ಕಡಿ ಮ್ಯಾಲ ಸಿಲಿಂಡರಿಟ್ಟು, ಎಂಜಿನ್ ಹಚ್ಚಿ
ಗ್ರಾಮಿನ ಲೆಕ್ಕದಾಗ ಬಿಟ್ಟ: ನಾನೂರೈವತ್ತು, ಒಂದೂ ಹೆಚ್ಚಿಲ್ಲ.
"ಹೆಚ್ಚಾದ್ರೂ ತಂಪಾಗಂಗಿಲ್ಲ, ಗೊತ್ತದಾ?"
ನಲವತ್ಮೂರು ಡಿಗ್ರಿ ಬಿಸಲಾಗ
ಸಿಲಿಂಡರಿನ ಹೊಟ್ಟಿ ಬೆವತು ಹನಿ ಇಟ್ಟಿತು.
ಜಾಳಗ್ಯಾಗ ಸಿಕ್ಕಿಸಿದ ಕಾಂಟಾ ಏಳಕ್ಕ ಬಂತು.
ಮೂರು ಸಾವಿರದ ಇನ್ನೂರು ಎಣಿಸಿ ಕೊಟ್ಟೆ,
ರೊಕ್ಕದ ದುಃಖ ಬೆರಳಿಗೆ ತಂಪು ಹತ್ತಿ ಮರತು ಹೋತು.

ಮಂಗಳವಾರ. ದವಾಖಾನಿ ಮೆಟ್ಲಿಗೆ ಗಾಡಿ ಹಚ್ಚಿ,
ಮೊದಲೇ ತಂಪು ಮಾಡಿ, ಬಾಗಲ ತಗದೆ.
ಕುಂತಳು. ಕೈಗೆ ಬಿಗದ ಪಟ್ಟಿ.
ತುಟಿ ನಡುಗಿದ್ವು. ಮಶೀನಿನಿಂದ ಎದ್ದವರಿಗೆ
ಮೈಯಾಗ ಚಳಿ ಕುಂತಿರ್ತದಂತ, ನನಗೇನ್ ಗೊತ್ತು.
"ಬಂದ್ ಮಾಡು. ಕಿಡಕಿ ಇಳಸು."
ನಾಕ ಶಬ್ದ.
ಇಳಸಿದೆ. ಆಳಂದ ರಸ್ತೆದ ಝಳ ಪೂರಾ ಒಳಗ ಬಂತು.
ಅಕಿ ಕಣ್ಣು ಮುಚ್ಚಿ, ಮಾರಿ ಅದಕ್ಕ ಕೊಟ್ಟು
ಒಲಿ ಮುಂದ ಕುಂತಾಕಿ ಹಂಗ ಕುಂತಳು.
ಊರ ಹತ್ರ ಬಂದಾಗ ಅಂದಳು,
"ಎಷ್ಟಾತು?"
"ಏನಿಲ್ರಿ ಬಾಯಿ, ಸುಮ್ಮ ತೊಳಸಿದ್ದೆ."

ಈಗ ಆಕಿನ್ನ ಮನಿ ಮುಂದ ಇಳಸಿ
ಕಿಡಕಿ ಏರಿಸಿ, ಹತ್ತು ಮಿನಿಟು ಹಚ್ಚತೀನಿ.
ರಬ್ಬರ್ ಒಣಗಬಾರ್ದು.
ಹಿಂದಿನ ಸೀಟಿನ ಮ್ಯಾಲ ಮರತು ಬಿಟ್ಟ ಹಸಿ ಟವೆಲ್ಲು
ಮಂಜಿನ್ಯಾಗ ಇಟ್ಟಂಗ ತಣ್ಣಗಾಗ್ತದ.