ಬಿಡುಗಡೆ

ನಮ್ಮ ಆಸ್ಪತ್ರೆಯ ಗೇಟಿನ ಮೇಲೆ
ನೀಲಿ ಬಣ್ಣದಲ್ಲಿ ಬರೆದಿದೆ:
ಹೊಟ್ಟೆ ಕೊಯ್ದು ಮಾಡುವ ಹೆರಿಗೆ ಇಲ್ಲಿ ಉಚಿತ.
ಬರೆಸಿದ್ದು ನಿಯಾಮೆಯ ಸರ್ಕಾರ.
ಬಣ್ಣದ ದುಡ್ಡು ಇನ್ನೂ ಬರಬೇಕು.

ನಾನು ಇಲ್ಲಿಯ ಲೆಕ್ಕದವನು.
ದೊಸ್ಸೊ ರಸ್ತೆ ಬಿಟ್ಟು ಮರಳಲ್ಲಿ ಒಂಬತ್ತು ಕಿಲೋಮೀಟರು;
ಮೇಜು, ಮೊಹರು, ಕಾಲು ಮುರಿದ ಫ್ಯಾನು.
ಹಣ ಬಿಡುಗಡೆಯಾದರೂ ಬಾಣಂತಿ ಬಿಡುಗಡೆಯಾದರೂ
ಒತ್ತುವುದು ಇದೇ ಮೊಹರನ್ನು.
ಶಾಯಿ ಒಣಗಿರುವುದು ಮೊದಲನೆಯದಕ್ಕಾಗಿ ಕಾದೂ ಕಾದೂ.

ಗಂಬಿನಾ ಬಂದದ್ದು ಕತ್ತೆಗಾಡಿಯಲ್ಲಿ, ನಡುರಾತ್ರಿ.
ಮಗು ಅಡ್ಡ ಮಲಗಿತ್ತು.
ಡಾಕ್ಟರು ಇದ್ದರು. ಕರೆಂಟಿರಲಿಲ್ಲ. ಗ್ಲೌಸಿರಲಿಲ್ಲ.
ಎದುರಿನ ಔಷಧಿ ಅಂಗಡಿಯವನನ್ನು ಎಬ್ಬಿಸಿ
ನನ್ನ ಸಹಿಯ ಮೇಲೆ ಎಲ್ಲ ತಂದೆವು.
ಜನರೇಟರಿನ ಗದ್ದಲದಲ್ಲಿ ಮೊದಲ ಅಳು ಕೇಳಲೇ ಇಲ್ಲ;
ಸೂಲಗಿತ್ತಿ ರಾಕಿಯಾ ಬಾಗಿಲಿಗೆ ಬಂದು
ಕೈಸನ್ನೆಯಲ್ಲೇ ಹೇಳಿದಳು: ಹೆಣ್ಣು.

ಬೆಳಿಗ್ಗೆ ಚೀಟಿ ಬರೆದೆ.
ಗ್ಲೌಸು ಒಂದೂವರೆ ಸಾವಿರ. ಹೊಲಿಗೆಯ ದಾರ ಒಂಬತ್ತು.
ಡೀಸೆಲ್ಲು ಹನ್ನೆರಡು. ರಕ್ತದ ಚೀಲ ಹದಿನೈದು.
ಮಂಪರಿನ ಮದ್ದು ಹತ್ತು.
ಒಟ್ಟು ನಲವತ್ತೇಳೂವರೆ ಸಾವಿರ ಫ್ರಾಂಕು.
ಸಂತೆಯ ಬಾಯಲ್ಲಿ ಹೇಳುವುದಾದರೆ, ಐದಕ್ಕೊಂದು ದಾಲಾ,
ಒಂಬತ್ತೂವರೆ ಸಾವಿರ ದಾಲಾ.
ಗಂಡ ಚೀಟಿಯನ್ನು ತಲೆಕೆಳಗಾಗಿ ಹಿಡಿದು
ಬಹಳ ಹೊತ್ತು ನೋಡಿದ,
ಮಡಚಿ ಟೋಪಿಯೊಳಗಿಟ್ಟುಕೊಂಡು ಹೊರಟುಹೋದ.

ಸಮಿತಿಯ ನಿಯಮ: ಬಾಕಿ ತೀರದೆ ಬಿಡುಗಡೆಯಿಲ್ಲ.
ಹಿಂದಿನ ಕೋಣೆಯಲ್ಲಿ ಆಗಲೇ ಮೂವರಿದ್ದರು,
ಒಬ್ಬಳ ಮಗು ತೆವಳುತ್ತಿತ್ತು.

ಹದಿನಾಲ್ಕು ತಿಂಗಳಿಂದ ಸರ್ಕಾರ ನಮಗೆ ಕಾಸು ಕೊಟ್ಟಿಲ್ಲ.
ಕಾಗದಗಳು ಬರುತ್ತವೆ:
ಅನುದಾನ ಶೀಘ್ರವೇ ಬಿಡುಗಡೆಯಾಗಲಿದೆ,
ದಾನಿಗಳ ಸಭೆ ಮುಂದಕ್ಕೆ ಹೋಗಿದೆ,
ಆ ದೇಶದಲ್ಲಿ ಹಿಮ ಬಿದ್ದು ವಿಮಾನ ಏಳಲಿಲ್ಲ.
ಹಿಮ ಎಂದರೇನೆಂದು ಕಾವಲಿನ ಜಿಬೊ ಕೇಳಿದ.
ಡೀಪ್ ಫ್ರೀಜರ್ ತೋರಿಸೋಣವೆಂದರೆ ಕರೆಂಟಿರಲಿಲ್ಲ.

ಏಳನೆಯ ದಿನ ಹೆಸರಿಡಬೇಕು.
ಗೇಟಿನಾಚೆ ಇಮಾಮರು, ಗೇಟಿನೊಳಗೆ ಮಗು.
ಕಂಬಿಗೆ ಬಾಯಿಟ್ಟು ಹೇಳಿದ ಹೆಸರು
ಅರ್ಧ ಗಾಳಿಗೆ ಹೋಯಿತು, ಅರ್ಧ ಕಿವಿಗೆ.
ಕೊಯ್ಯಲೆಂದು ತಂದ ಟಗರನ್ನು ಅತ್ತೆ
ನನ್ನ ಮೇಜಿನ ಕಾಲಿಗೆ ಕಟ್ಟಿದಳು: ಇದನ್ನೇ ಬರೆದುಕೊ.
ಖಾತೆಯಲ್ಲಿ ಟಗರಿಗೆ ಕಾಲಮ್ಮಿಲ್ಲ.
ಅದು ಮೇ ತಿಂಗಳ ರಸೀದಿಗಳನ್ನು ತಿಂದು
ಸಂಜೆ ಮನೆಗೆ ಹೋಯಿತು.

ಗಂಬಿನಾ ರಾಕಿಯಾಳನ್ನು ಒಂದೇ ಒಂದು ಕೇಳಿದಳು,
ಮೂರು ತಿಂಗಳಿಗೊಮ್ಮೆ ಚುಚ್ಚುವ ಸೂಜಿ.
ಇದು ಐದನೆಯ ಬಸಿರು, ದಾರ ಇನ್ನೂ ಬಿಚ್ಚಿಲ್ಲ,
ಗಂಡ ನಾಳೆ ದುಡ್ಡಿನೊಂದಿಗೆ ಬರುತ್ತಾನೆ,
ನಾಡಿದ್ದು ಬರಿಗೈಯಲ್ಲೂ ಗಂಡನೇ.
ರಾಕಿಯಾ ಪೆಟ್ಟಿಗೆ ತೆರೆದು ತೋರಿಸಿದಳು.
ತಳದಲ್ಲಿ ಕಳೆದ ವರ್ಷದ ಒಂದು ಸತ್ತ ಹಲ್ಲಿ.

ಒಂಬತ್ತನೆಯ ಸಂಜೆ ಜಿಬೊ ನಮಾಜಿಗೆ ಹೋದ.
ಬೀಗ ಕೊಂಡಿಯಲ್ಲಿ ಸುಮ್ಮನೆ ನೇತಾಡುತ್ತಿತ್ತು.
ನಾನು ಲೆಕ್ಕ ಕೂಡುತ್ತಿದ್ದೆ, ತಲೆ ಎತ್ತಲಿಲ್ಲ.
ಮರಳಲ್ಲಿ ಹೆಜ್ಜೆಗೆ ಸದ್ದಿಲ್ಲ.
ಸಮಿತಿ ನನ್ನ ಸಂಬಳದಲ್ಲಿ ಹಿಡಿಯುತ್ತೇವೆಂದಿತು.
ಯಾವ ಸಂಬಳ ಎಂದು ಕೇಳಿದೆ.

ಮುಂದಿನ ಭಾನುವಾರ, ಸಂತೆಯ ದಿನ,
ನನ್ನ ಮೇಜಿನ ಮುಂದೆ ಗಂಬಿನಾ,
ಬೆನ್ನಿಗೆ ಕಟ್ಟಿದ ಮಗು.
ಸೆರಗಿನ ಗಂಟು ಬಿಚ್ಚಿ ಹತ್ತು ದಾಲಾ ಇಟ್ಟಳು.
ಕಡಲೆಕಾಯಿ ಎಣ್ಣೆ ಮಾರಿದ್ದು. ನಾಣ್ಯ ಜಾರುತ್ತಿತ್ತು.
ಅಂದಿನಿಂದ ವಾರವಾರವೂ ಹತ್ತು, ತಪ್ಪಿಲ್ಲ.
ನಾನು ಪೆನ್ಸಿಲಿನಲ್ಲಿ ಭಾಗಿಸಿ ನೋಡಿದೆ:
ಒಂಬೈನೂರೈವತ್ತು ಭಾನುವಾರ.
ತೀರುವ ಹೊತ್ತಿಗೆ ಆ ಹುಡುಗಿಗೆ ಹದಿನೆಂಟು ದಾಟಿರುತ್ತದೆ;
ಆಗ ಈ ಗೇಟಿಗೆ ಅವಳು
ಯಾವ ಗಾಡಿಯಲ್ಲಿ ಬರುತ್ತಾಳೋ.

ರಸೀದಿ ಹರಿದು ಕೊಟ್ಟಾಗಲೆಲ್ಲ
ಅವಳು ಕೇಳುತ್ತಾಳೆ: ಬಂತೆ?
ಮೊದಲ ಸಲ ನಾನು ಸರ್ಕಾರದ ಹಣ ಅಂದುಕೊಂಡೆ.
ಅವಳು ಕೇಳಿದ್ದು ಸೂಜಿಯನ್ನು.
ಎರಡಕ್ಕೂ ನನ್ನಲ್ಲಿರುವುದು ಒಂದೇ ಉತ್ತರ,
ಅದಕ್ಕೆ ಮಾತ್ರ
ನಾನು ಅವಳಿಂದ ಏನೂ ತೆಗೆದುಕೊಳ್ಳುವುದಿಲ್ಲ.