ಮೊದಲ ಟ್ರಿಪ್ಪಿನ ಡಬ್ಬಿ

ರಾತ್ರಿ ಯೂನಿಫಾರಂ ಮೊಳೆಗೆ ತೂಗುಹಾಕಿ
ಎರಡು ಹಿಡಿ ಓಟ್ಸು ಡಬ್ಬಿಗೆ ಸುರಿಯುತ್ತೇನೆ.
ಹಿಡಿ ಅಂದರೆ ನನ್ನ ಹಿಡಿ,
ಹನ್ನೊಂದು ವರ್ಷ ಚಿಲ್ಲರೆ ಎಣಿಸಿ ಅಳತೆ ಕಲಿತದ್ದು.
ಹಾಲು, ಮುಳುಗಿ ಬೆರಳಿನ ಒಂದು ಗೆಣ್ಣು ಮೇಲಕ್ಕೆ.

ಆಮೇಲೆ ದ್ರಾಕ್ಷಿ.
ಅಂಗಡಿಯದಲ್ಲ. ನಂದಿ ರಸ್ತೆಯ ತೋಟದಲ್ಲಿ
ಗೊಂಚಲು ಬಿಟ್ಟು ಉದುರಿದ್ದನ್ನು ಅಗ್ಗಕ್ಕೆ ತಂದು
ತಾರಸಿಯ ಮೇಲೆ ಹಳೇ ಸೀರೆ ಹಾಸಿ
ಕಾಗೆ ಕಾದು ಒಣಗಿಸಿದ ನೀಲಿ ದ್ರಾಕ್ಷಿ.
ಬೀಜವಿದೆ. ಹಲ್ಲಿಗೆ ಸಿಕ್ಕಿ ಕಟುಂ ಅನ್ನುತ್ತದೆ.
ಇರಲಿ, ಬೆಳಗಿನ ನಿದ್ದೆಗಣ್ಣಿಗೆ ಅದೂ ಒಂದು ಸೀಟಿ.
ಎರಡು ಒಣ ಅಂಜೂರ, ಕತ್ತರಿಯಲ್ಲೇ ತುಂಡರಿಸಿ.

ಕೊನೆಗೆ ಮೇಪಲ್ ಪಾಕ.
ಬಿ.ಬಿ. ರಸ್ತೆಯ ಸೂಪರ್ ಮಾರ್ಕೆಟ್ಟಿನಲ್ಲಿ
ತಾರೀಖು ಮುಗಿಯಲು ಬಂದ ಸಾಮಾನಿನ ಬುಟ್ಟಿಯೊಳಗೆ
ಅರ್ಧ ಬೆಲೆಗೆ ಅಡ್ಡಬಿದ್ದಿತ್ತು ಬಾಟಲಿ,
ಎದೆಯ ಮೇಲೊಂದು ಕೆಂಪು ಎಲೆ.
ಸುಳ್ಳೇಕೆ, ಎಲೆ ನೋಡಿ ಕೊಂಡೆ.
ಒಳಗೇನಿದೆಯೆಂದು ಮನೆಗೆ ಬಂದು ಓದಿದ್ದು.

ಐದೂ ಹತ್ತಕ್ಕೆ ಚಿಕ್ಕಬಳ್ಳಾಪುರ ಬಿಟ್ಟರೆ
ಸೇವಂತಿಗೆ ಮೂಟೆಗಳಿಗೆ ಲಗೇಜು ಟಿಕೆಟ್ಟು,
ತೂಕಡಿಸುವ ಹೆಂಗಸರಿಗೆ ಸೊನ್ನೆ ಟಿಕೆಟ್ಟು,
ಐನೂರರ ನೋಟು ತೆಗೆದವನಿಗೆ ನನ್ನ ನೋಟ.
ಡಬ್ಬಿ ಸೀಟಿನ ಕೆಳಗೆ.
ಮಂಚೇನಹಳ್ಳಿಯ ಉಬ್ಬುಗಳಿರುವಾಗ
ಅದನ್ನು ನಾನು ಕಲಸಬೇಕಾಗಿಲ್ಲ.

ಗೌರಿಬಿದನೂರಿನಲ್ಲಿ ಇಪ್ಪತ್ತು ನಿಮಿಷ.
ಖಾಲಿ ಬಸ್ಸು. ಬಿಸಿ ಇಂಜಿನ್ನಿನ ಟಿಕ್ ಟಿಕ್.
ಡ್ರೈವರು ಅಂಜಿನಪ್ಪಣ್ಣ
ರಾತ್ರಿಯ ಮುದ್ದೆ ಮಜ್ಜಿಗೆಗೆ ಕಿವುಚುತ್ತ
ದಿನವೂ ಕೇಳುವುದನ್ನೇ ಕೇಳಿದ:
‘ಏನ್ ವೇಣಮ್ಮ, ಇವತ್ತೂ ಕುದ್ರೆ ದಾಣಿನಾ?’
‘ಹೂಂ. ನಾಳೆಯಿಂದ ಬಸ್ಸು ನಾನೇ ಎಳೀತೀನಿ.’

ನಕ್ಕ. ಆಮೇಲೆ, ‘ಸಿಹಿಗೇನ್ ಹಾಕ್ತೀಯ?’

ಹೇಳಿದೆ: ಅದೆಲ್ಲೋ ಮಂಜು ಬೀಳೋ ದೇಶದ ಮರವಂತೆ,
ಬೊಡ್ಡೆಗೆ ತೂತು ಕೊರೆದು ಬಕೀಟು ಕಟ್ಟುತ್ತಾರಂತೆ,
ಒಸರಿದ ನೀರು ಕುದಿಸಿ, ಕುದಿಸಿ
ನಲವತ್ತು ಕೊಡ ಬತ್ತಿದರೆ ಒಂದು ಕೊಡವಂತೆ.

ಅಂಜಿನಪ್ಪಣ್ಣನ ಕೈ ಮಜ್ಜಿಗೆಯಲ್ಲೇ ನಿಂತಿತು.
ತೊಳೆದುಕೊಂಡು ಬಂದು, ‘ಒಂಚೂರು ಕೊಡು’ ಅಂದ.
ಡಬ್ಬಿಯ ಮುಚ್ಚಳಕ್ಕೆ ಎರಡು ಚಮಚ ಬಡಿಸಿದೆ.
ಜಗಿಯಲಿಲ್ಲ. ನಾಲಿಗೆಯ ಮೇಲೆ ಇಟ್ಟುಕೊಂಡು ಕೂತ,
ಇಳಿಯಬೇಕಾದ ಸ್ಟಾಪು ಮರೆತ ಪ್ಯಾಸೆಂಜರಿನ ಹಾಗೆ.

‘ನಮ್ ತಾತಂದೂ ಇದೇ ಕಸುಬು ಕಣಮ್ಮ.
ಈಚಲ ಮರ. ಸಂಜೆ ಗಡಿಗೆ ಕಟ್ಟೋನು,
ಹೊತ್ತು ಹುಟ್ಟೋಕ್ ಮುಂಚೆ ಇಳಿಸಿದ್ರೆ ಸಿಹಿನೀರು,
ಹೊತ್ತೇರಿದ್ರೆ ಹೆಂಡ.
ಅಜ್ಜಿ ಕೊಪ್ಪರಿಗೇಲಿ ಬೆಲ್ಲ ಕಾಸೋಳು,
ಒಲೆಗೆ ತರಗು ತಳ್ಳೋನು ನಾನು.
ಮೈಯೆಲ್ಲ ಹೊಗೆ ನಾತ. ಇಸ್ಕೂಲಲ್ಲಿ
ನನ್ ಪಕ್ಕ ಒಬ್ರೂ ಕೂರ್ತಿರ್ಲಿಲ್ಲ.
ಬೆಲ್ಲ ಮಾತ್ರ ಕೇಳಿ ಕೇಳಿ ಇಸ್ಕೊಳೋರು.’

ಮುಚ್ಚಳವನ್ನು ಬೆರಳಿನಿಂದ ಒರೆಸಿ ನೆಕ್ಕಿದ.

ವಾಪಸು ಬರುವಾಗ, ಮಂಚೇನಹಳ್ಳಿ ದಾಟಿ,
ಕೋಳಿ ಶೆಡ್ಡುಗಳು ಎದ್ದಿರುವ ತಗ್ಗಿನ ತಿರುವಿನಲ್ಲಿ
ಯಾರೂ ಅಡ್ಡ ಬರದಿದ್ದರೂ ಎರಡು ಸಲ ಹಾರನ್ನು ಒತ್ತಿದ.
ದಿನವೂ ಒತ್ತುತ್ತಾನೆ.
ಯಾಕೆಂದು ಇದುವರೆಗೆ ಕೇಳಿರಲಿಲ್ಲ.
ಇವತ್ತೂ ಕೇಳಲಿಲ್ಲ.

ರಾತ್ರಿ ಯೂನಿಫಾರಂ ಮೊಳೆಗೆ.
ಎರಡು ಹಿಡಿಯ ಮೇಲೆ ಇನ್ನೆರಡು, ಅದೂ ಸಾಲದೆ ಅರ್ಧ.
ಅಳತೆ ತಪ್ಪಿತು. ಅವನ ಕೈ ದೊಡ್ಡದು.
ಬಾಟಲಿಯಲ್ಲಿ ಉಳಿದದ್ದು ಮೂರು ಬೆರಳು,
ತಾರೀಖು ಮುಗಿದು ಆಗಲೇ ನಾಲ್ಕು ದಿನ.

ಬೆಳಿಗ್ಗೆ ತಿಂದು ಮುಗಿಸಿ, ಬಾಯಿ ಮುಕ್ಕಳಿಸಿ,
ಸ್ಟೇರಿಂಗಿನ ಹಿಂದೆ ಹತ್ತಿ ಕೂತು ಹೇಳಿದ:
‘ದಾಣಿ ಪರವಾಗಿಲ್ಲ.
ಆದ್ರೆ ವೇಣಮ್ಮ, ಆ ಬೀಜ ತೆಗ್ಯೋಕಾಗಲ್ವಾ?’

ನಾನು ಬಾಗಿಲು ಬಡಿದು
ರೈಟ್ ಅಂದೆ.