ಆರು ಮೂಲೆಯ ಮನೆ

ಹಗಲೆಲ್ಲ ಭೂಮಾಪನ ಕಚೇರಿಯಲ್ಲಿ
ಅರ್ಧ ಗುಂಟೆಯೂ ಆಚೀಚೆ ಆಗದ ಹಾಗೆ
ಗೆರೆ ಕಾಯುವವನು ನಾನು.
ರಾತ್ರಿ, ಕೋಡಿಬಾಗದ ಬಾಡಿಗೆ ಕೋಣೆಯಲ್ಲಿ
ಕಡಲನ್ನು ಎರಡು ಬೆರಳು ಹಿಂದೆ ತಳ್ಳುತ್ತೇನೆ.
ಯಾರೂ ತಕರಾರು ಅರ್ಜಿ ಹಾಕುವುದಿಲ್ಲ.

ಆಟಕ್ಕೆ ಇನ್ನೂ ಹೆಸರಿಟ್ಟಿಲ್ಲ.
ಸ್ವಾದಿಯವರು ಘಟ್ಟದ ಮೇಲೆ, ಬಿಜಾಪುರದವರು ಕೋಟೆಯಲ್ಲಿ,
ಪರಂಗಿಗಳು ಹಡಗಿನಲ್ಲಿ, ನಡುವೆ ಮೆಣಸು.
ಮೆಣಸಿಗೆ ಮೆಣಸನ್ನೇ ಇಟ್ಟಿದ್ದೇನೆ, ನಿಜವಾದ ಕಾಳು,
ಒಂದೆರಡಕ್ಕೆ ಬೂಸಲು ಹಿಡಿದಿದೆ.
ರಟ್ಟಿನ ತುಂಬ ಆರು ಮೂಲೆಯ ಮನೆಗಳು,
ಜೇನುಹುಟ್ಟಿನ ಹಾಗೆ.

ಮೊದಲ ನಕಾಶೆ ಅಳತೆಗೆ ಸರಿಯಾಗಿತ್ತು:
ಒಂದು ಮನೆಗೆ ಎರಡು ಹರದಾರಿ.
ಆ ಲೆಕ್ಕದಲ್ಲಿ ಅಂಜುದೀವ ಒಂದು ಸಾಸಿವೆ.
ಕಾರವಾರದಿಂದ ಅಂಕೋಲೆಯವರೆಗೆ
ಗುಡ್ಡಕ್ಕೂ ಕಡಲಿಗೂ ನಡುವೆ ಒಂದೇ ಮನೆಯ ಅಗಲ,
ಕೆಲವು ಕಡೆ ಅದೂ ಇಲ್ಲ.
ಎರಡು ದಂಡು ಎದುರಾದವು,
ಬಿಣಗಾ ಘಟ್ಟದ ತಿರುವಿನಲ್ಲಿ ಸಿಕ್ಕಿಕೊಂಡ ಲಾರಿಗಳಂತೆ
ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.
ಪೆದ್ರು ಮೂರನೆಯ ಸುತ್ತಿಗೇ ಆಕಳಿಸಿದ.

ಇನ್ನು ಮಳೆ.
ನೂಲಹುಣ್ಣಿಮೆಯವರೆಗೆ ಅಳಿವೆ ದಾಟುವಂತಿಲ್ಲ.
ನಿಜಕ್ಕೆ ನಿಂತರೆ ಪರಂಗಿಯವನು ಮೂರು ಸುತ್ತು
ಸುಮ್ಮನೆ ಕೂತು ಉಗುರು ಕಚ್ಚಬೇಕು.
ಸುಳ್ಳಿಗೆ ಒಪ್ಪಿದರೆ ಆಷಾಢದಲ್ಲಿ ಹಾಯಿ ಬಿಚ್ಚುತ್ತದೆ,
ಬೈತಖೋಲದ ಮಕ್ಕಳು ನಗುತ್ತವೆ.

ಅಳತೆ ಬಿಟ್ಟೆ.
ಅಂಜುದೀವವನ್ನು ಉಬ್ಬಿಸಿ ಮೂರು ಮನೆ ಮಾಡಿದೆ.
ಕರಾವಳಿಯನ್ನು ಹೊಲಿಗೆ ಬಿಚ್ಚಿ ಅಗಲಿಸಿದೆ.
ದೇವಿಮನೆ ಘಟ್ಟ ಇಳಿಯಲು ಹೇರೆತ್ತಿಗೆ ನಾಲ್ಕು ನಡೆ ಬೇಕಿತ್ತು,
ಎರಡು ಸಾಕೆಂದೆ. ಎತ್ತುಗಳು ಏನೂ ಅನ್ನಲಿಲ್ಲ.
ಮಿರ್ಜಾನವನ್ನು ತದಡಿಯ ಕಡೆಗೆ ತುಸು ಸರಿಸಿದೆ,
ಕಿರುಬೆರಳಿನಷ್ಟು.
ಕೈ ನಡುಗಿತು. ಇಪ್ಪತ್ತು ವರ್ಷದ ಅಭ್ಯಾಸ.

ಆದರೆ ಆಟ ಓಡಿತು!
ರಾತ್ರಿ ಒಂದರವರೆಗೆ ಪೆದ್ರುವಿನ ಕೂಗು,
ಮೆಣಸು ಇಳಿಯಿತು, ಹಡಗು ಸುಟ್ಟಿತು,
ಪಕ್ಕದವರು ಗೋಡೆ ಬಡಿದರು.

ಮೋಹಿನಿ ತಾಂಡೇಲ ಬಂದದ್ದು ಮರುವಾರ.
ಮೀನು ಸೊಸೈಟಿಯಲ್ಲಿ ಲೆಕ್ಕ ಬರೆಯುವಾಕೆ.
ದಂಡೆಗುಂಟ ತೆಂಕಕ್ಕೆ ಬೆರಳೆಳೆದು ಕೇಳಿದಳು:
"ನಮ್ಮೂರು ಎಲ್ಲದೆ?"

ಸಣ್ಣ ಊರು, ಮನೆಗೆ ಹಿಡಿಸಲಿಲ್ಲ ಎಂದೆ.
ಅಲ್ಲಿ ನೀರು ಆಳ, ಗುಡ್ಡದ ಮರೆ ಬೇರೆ,
ಆ ಜಾಗ ಕೊಟ್ಟರೆ ಒಬ್ಬನೇ ಗೆಲ್ಲುತ್ತಾನೆ,
ತೂಕ ತಪ್ಪುತ್ತದೆ ಎಂದೆ.

ನಕ್ಕಳು. ಸಿಟ್ಟಿನದಲ್ಲ.
"ನೌಕಾನೆಲೆಗೆ ಬಿಡಿಸುವಾಗಲೂ
ಒಬ್ಬ ಸಾಹೇಬ ಹೀಗೇ ನಕಾಶೆ ಹಾಸಿದ್ನಂತೆ.
ನೀರು ಆಳ, ಗುಡ್ಡದ ಮರೆ ಅಂದ್ನಂತೆ.
ನಮ್ಮಜ್ಜನ ಮನೆ ಇದ್ದಲ್ಲಿ
ಚಾದ ಗ್ಲಾಸು ಇಟ್ಟಿದ್ನಂತೆ."

ಕೈಯಲ್ಲಿದ್ದ ಕಾಯಿಯನ್ನು ಅವಳು ಇಡಲಿಲ್ಲ.
ಪೆದ್ರು ಗರ ಹಾಕುವುದನ್ನು ಮರೆತ.

ಆ ಸರ್ವೆ ನಂಬರುಗಳು ನನ್ನ ಕಪಾಟಿನಲ್ಲೇ ಇವೆ,
ಕೆಳಗಿನ ಅರೆ, ಎಡಗಡೆ.
ಪ್ರತಿಯೊಂದರ ಮೇಲೂ ಕೆಂಪು ಶಾಯಿಯ ಕತ್ತರಿ ಗುರುತು.
ಮರುದಿನ ಊಟದ ಹೊತ್ತಿಗೆ ತೆಗೆದು ನೋಡಿದೆ.
ಮನೆ, ಬಾವಿ, ಬಲೆ ಒಣಗಿಸುವ ಜಾಗ.
ಕತ್ತರಿ ಗುರುತನ್ನು ಚಿಕ್ಕಂದಿನಲ್ಲಿ
ಬೇರೆಲ್ಲೋ ನೋಡಿದ್ದೆನಲ್ಲ!
ಚೌಕಾಬಾರದ ಕಟ್ಟೆಮನೆ.
ಅಲ್ಲಿ ಕೂತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ.

ಈಗ ದಂಡೆಯಲ್ಲಿ ಒಂದು ಮನೆ ಹೆಚ್ಚಿಗೆ ಇದೆ.
ಕೋಟೆ ಕಟ್ಟುವಂತಿಲ್ಲ, ಮೆಣಸು ಬೆಳೆಯುವುದಿಲ್ಲ,
ಗೆದ್ದುಕೊಂಡರೆ ಸೊನ್ನೆ.
ಮಳೆಯ ಮೂರು ಸುತ್ತು ಮಾತ್ರ
ಹಡಗಿನವನು, ಕೋಟೆಯವನು, ಘಟ್ಟದವನು
ಮೂವರೂ ಅಲ್ಲಿಗೇ ಬಂದು ಕೂರಬೇಕು.
ಹರಿದ ಬಲೆಗೆ ಗಂಟು ಹಾಕಬೇಕು,
ಸಾಲ ಕೊಡಬಹುದು, ಸಂಧಿ ಮಾಡಬಹುದು, ಸುಳ್ಳೂ ಹೇಳಬಹುದು.

ಮೋಹಿನಿ ನೋಡಿ, "ಇನ್ನೂ ಅರ್ಧ ಮನೆ ತೆಂಕಕ್ಕೆ" ಎಂದಳು.
ಅರ್ಧ ಮನೆ ಬರುವುದಿಲ್ಲ, ಆರು ಮೂಲೆ ಎಂದೆ.
"ಗೊತ್ತದೆ" ಎಂದಳು.

ಮಳೆಯ ಸುತ್ತು ಬಂದಾಗಿನಿಂದ
ಪ್ರತಿಸಲ ಸ್ವಾದಿಯೇ ಗೆಲ್ಲುತ್ತಿದೆ ಎಂದು ಪೆದ್ರುವಿನ ತಕರಾರು.
ನೋಡಬೇಕು.
ಘಟ್ಟಕ್ಕೆ ಮತ್ತೆ ಮೂರು ನಡೆ ಮಾಡಬೇಕೇನೋ.